ದೀಪ ಹಗುರಾಯಿತು, ಬಿಲ್ಲು?
(ವಾಚನಾಲಯದಲ್ಲಿ ಮಾಡಿದ ಭಾಷಣ)



ನಾನು ಪುಣೆಗೆ ಬಂದ ಹೊಸತರಲ್ಲಿ ಚಾಳಿನ ತಗಡಿನ ಮಾಡಿನ ಕೋಣೆಯಲ್ಲಿದ್ದುದು 60 ವಾಟಿನ ಒಂದೇ ಬಲ್ಬು. ಊಟವಾದೊಡನೆ ಆರಿಸುವುದು ಕಟ್ಟಳೆ. 2015ರಲ್ಲಿ ಸರಕಾರದ ಉಜಾಲಾ ಯೋಜನೆ ಬಂದಿತು; ನಮ್ಮ ಕರ್ನಾಟಕದಲ್ಲಿ ಅದಕ್ಕೆ ‘ಹೊಸ ಬೆಳಕು’ ಎಂದು ಹೆಸರು. 9 ವಾಟಿನ ಎಲ್‌ಇಡಿ ಅಗ್ಗವಾಯಿತು. ಈಗ ಒಲೆಯ ಬಳಿ ಒಂದು, ದೇವರ ಮುಂದೆ ಒಂದು, ಬಾಗಿಲಿಗೊಂದು. ಆರಿಸುವವರೇ ಇಲ್ಲ!

ಗುಮಾಸ್ತರಲ್ಲವೇ, ಲೆಕ್ಕ ಹಾಕೋಣ. 60 ವಾಟು 5 ಗಂಟೆ ಉರಿದರೆ 300 ವಾಟ್‌-ಗಂಟೆ. 9 ವಾಟಿನ ಮೂರು, 8 ಗಂಟೆ ಉರಿದರೆ 216. ಉಳಿಯಬೇಕಾದುದು 255, ಉಳಿದುದು 84.

ಇಂಗ್ಲೆಂಡಿನ ಜೆವನ್ಸ್ 1865ರಲ್ಲೇ ಕಲ್ಲಿದ್ದಲಿನ ವಿಷಯವಾಗಿ ಇನ್ನೂ ಕಟುವಾಗಿ ಬರೆದನು. 1830ರಿಂದ 1863ರೊಳಗೆ ಸ್ಕಾಟ್ಲೆಂಡಿನಲ್ಲಿ ಟನ್ನು ಕಬ್ಬಿಣಕ್ಕೆ ತಗಲುವ ಕಲ್ಲಿದ್ದಲು ಮೂರನೆಯ ಒಂದಂಶಕ್ಕಿಂತ ಕೆಳಗಿಳಿಯಿತು. ಆ ಉದ್ಯೋಗ ಬೆಳೆದು ಒಟ್ಟು ಸುಟ್ಟ ಕಲ್ಲಿದ್ದಲು ಹತ್ತು ಪಟ್ಟಾಯಿತು.

ದೀಪದ ಮಟ್ಟಿಗೆ ಆ ಭಯವಿಲ್ಲ. ಕಣ್ಣಿಗೆ ಬೇಕಾಗುವ ಬೆಳಕಿಗೆ ಮಿತಿಯುಂಟು. ಸೆಕೆಗೆ? ಉಳಿದ ಹಣಕ್ಕೆ ಇನ್ನಷ್ಟು ಸೇರಿಸಿ ನಾನು ಕೂಲರು ಕೊಂಡೆ. ಮೀಟರಿನ ಅಂಕೆ ಮೊದಲಿಗಿಂತ ಬೇಗ ಏರುತ್ತಿದೆ. ಆದರೆ ಮೇ ತಿಂಗಳಲ್ಲಿ ತಗಡಿನ ಕೆಳಗೆ ಮಲಗಿದವನು ಅದನ್ನು ದುಂದು ಎಂದಾನೆಯೇ?