ದುಡಿಯುವ ಕೈಗೆ ಲೆಕ್ಕದ ಕಣ್ಣೂ ಬೇಕು

(ಆದೋನಿಯ ಕೂಲಿಕಾರ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಆದೋನಿ, ಆಲೂರು, ಕೋಸಿಗಿ ಕಡೆಯ ನಮಗೆ ಗುಳೆ ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಮೆಣಸಿನಕಾಯಿ ಬಿಡಿಸಲು ಗುಂಟೂರು ಕಡೆಗೆ ಲಾರಿ ಹತ್ತುತ್ತೇವೆ. ಮಕ್ಕಳ ಶಾಲೆ ನಡುವೆಯೇ ನಿಲ್ಲುತ್ತದೆ. ಇದಕ್ಕಾಗಿ ತಾಯಿತಂದೆಯರನ್ನು ಬೈಯುವವರ ಜೊತೆ ನಾನು ಸೇರುವುದಿಲ್ಲ. ಕಾಳಿನ ಗಡಿಗೆ ಖಾಲಿಯಾದಾಗ ಉಪದೇಶ ಹೊಟ್ಟೆ ತುಂಬಿಸದು.

ಆದರೆ ಎಲ್ಲ ಕಷ್ಟವನ್ನೂ ದೇವರ ಚಿತ್ತವೆಂದು ಒಂದೇ ಗಂಟಿಗೆ ಕಟ್ಟುವುದು ಸರಿಯಲ್ಲ. ಮಳೆ ತಪ್ಪಿದ್ದಕ್ಕೆ ಮೇಸ್ತ್ರಿಯನ್ನು ಕೇಳಲಾಗದು, ನಿಜ. ತಕ್ಕಡಿ ತಪ್ಪಿದ್ದಕ್ಕೆ ದೇವರ ಹೆಸರು ಯಾಕೆ? ಚೀಲದಲ್ಲಿ ದೊಡ್ಡದೊಂದು ಚಿಕ್ಕದೊಂದು ತೂಕದ ಕಲ್ಲು ಇಟ್ಟುಕೊಳ್ಳಬಾರದೆಂದು ಧರ್ಮೋಪದೇಶಕಾಂಡದ 25ನೆಯ ಅಧ್ಯಾಯವೇ ತಡೆಯುತ್ತದೆ.

ಒಂದು ಲೆಕ್ಕ ಹಾಕೋಣ. ಚೀಲದ ತೂಕ ಕಳೆದ ಮೇಲೂ ಪ್ರತಿ ತೂಕಕ್ಕೆ ಎರಡು ಕಿಲೋ ಸೂಟು ಹಿಡಿದರೆಂದುಕೊಳ್ಳಿ. ದಿನಕ್ಕೆ ಎರಡು ತೂಕವಾದರೆ ನಾಲ್ಕು ಕಿಲೋ ಹೋಯಿತು. 60 ದಿನಕ್ಕೆ 240 ಕಿಲೋ. ದಿನಕ್ಕೆ 40 ಕಿಲೋ ಬಿಡಿಸುವ ಅಕ್ಕನಿಗೆ ಅದು ಆರು ದಿನದ ಬಿಟ್ಟಿ ದುಡಿಮೆ! ಕಾಫಿ ತೋಟಗಳಲ್ಲಿ ಕಿಲೋ ಲೆಕ್ಕಕ್ಕೆ ಹಣ್ಣು ಕುಯ್ಯುವವರೂ ಇದನ್ನು ತಮ್ಮ ಬುಟ್ಟಿಗೆ ಹಾಕಿ ನೋಡಲಿ.

ಯಾಕೋಬನನ್ನು ನೆನೆಯಿರಿ. ಅವನೂ ಊರು ಬಿಟ್ಟು ದುಡಿದವನೇ. ಲಾಬಾನನ ಮನೆಯಲ್ಲಿ 20 ವರ್ಷ ಬಿಸಿಲು, ಚಳಿ, ನಿದ್ದೆಗೇಡು. ಆದರೆ ಆದಿಕಾಂಡ 31ರಲ್ಲಿ ಅವನು ಬಾಯಿ ತೆರೆದಾಗ ಬರೀ ಅಳಲಿಲ್ಲ. ಹೆಣ್ಣುಮಕ್ಕಳಿಗಾಗಿ 14 ವರ್ಷ, ಮಂದೆಗಾಗಿ ಆರು ವರ್ಷ, ಕೂಲಿ ಬದಲಾಯಿಸಿದ್ದು ಹತ್ತು ಸಾರಿ ಎಂದು ಅಂಕಿ ಹೇಳಿದ. ಇಪ್ಪತ್ತು ವರ್ಷದ ಲೆಕ್ಕವನ್ನು ಅವನು ಮರೆತಿರಲಿಲ್ಲ. ಲಾಬಾನನು ಮಾವನಾಗಿದ್ದರೂ ಲೆಕ್ಕ ಲೆಕ್ಕವೇ.

"ಈ ವಯಸ್ಸಿನಲ್ಲಿ ಓದು ಯಾಕಪ್ಪಾ" ಎನ್ನುವ ಹಿರಿಯರುಂಟು. ಮೋಶೆ ಫರೋಹನ ಮುಂದೆ ನಿಂತಾಗ ಅವನಿಗೆ 80 ವರ್ಷ. ನಾವು ಕೇಳುತ್ತಿರುವುದು ದೊಡ್ಡ ಪರೀಕ್ಷೆಯನ್ನಲ್ಲ. ತಕ್ಕಡಿಯ ಮುಳ್ಳು ಎಲ್ಲಿ ನಿಂತಿತು, ಹಾಜರಿ ಪುಸ್ತಕದಲ್ಲಿ ನಮ್ಮ ಹೆಸರಿನ ಮುಂದೆ ಏನು ಬರೆದರು, ಮುಂಗಡದಲ್ಲಿ ಎಷ್ಟು ತೀರಿತು, ಇಷ್ಟು ಓದಲು ಬಂದರೆ ಸಾಕು. ಓದದೆ ಹೆಬ್ಬೆಟ್ಟು ಒತ್ತಬೇಡಿ. ಶಾಲೆಗೆ ಹೋದ ಮಗಳಿದ್ದರೆ ಅವಳನ್ನೇ ಮೇಷ್ಟ್ರು ಮಾಡಿಕೊಳ್ಳಿ. ಅದರಲ್ಲಿ ನಾಚಿಕೆಯೇನು?

ಜಾಣತನದ ದುಡಿಮೆ ಎಂದರೆ ಇನ್ನೂ ಬೇಗ ಬೇಗ ಕೈ ಆಡಿಸುವುದಲ್ಲ. ಮೊಂಡು ಕೊಡಲಿಗೆ ಹೆಚ್ಚು ಬಲ ಬೇಕೆಂದು ಪ್ರಸಂಗಿ ತಿಳಿಸುತ್ತಾನೆ. ಹತ್ತಿ ಬಿಡಿಸುವವರು ಇಬ್ಬನಿ ಆರಿದ ಮೇಲೆ, ಗಿಡದ ಕೆಳಗಿನ ಕಾಯಿಯಿಂದ ಮೇಲಕ್ಕೆ ಹೋದರೆ ಒಣ ಎಲೆಯ ಚೂರು ಹತ್ತಿಗೆ ಅಂಟುವುದು ಕಡಿಮೆ. ಮೆಣಸಿನ ಉರಿ ನೀರಿಗೆ ಇಳಿಯದು. ಮೊದಲು ಎಣ್ಣೆ ಸವರಿ, ಆಮೇಲೆ ಸಾಬೂನು ಹಚ್ಚಿ.

ಕೂಲಿ ದರ ಮಾತ್ರ ಲಾರಿ ಹತ್ತುವ ಮೊದಲೇ, ಹತ್ತು ಮನೆಯವರು ಕೂಡಿ ಮಾತಾಡಬೇಕು. ಒಬ್ಬಳೇ ಕೇಳಿದರೆ ಬಾಯಿಬಡುಕಿ ಎನ್ನುತ್ತಾರೆ. ಮುಂಗಡ ತೀರಿಲ್ಲವೆಂದು ಯಾರನ್ನಾದರೂ ಹೋಗಗೊಡದೆ ಹಿಡಿದಿಟ್ಟರೆ, 1976ರ ಜೀತ ಪದ್ಧತಿ ರದ್ದತಿ ಕಾನೂನಿದೆ. ಜಿಲ್ಲಾಧಿಕಾರಿಗೆ ದೂರು ಕೊಡಬಹುದು. ಜೀತದ ಸಾಲವನ್ನು ತೀರಿಸಬೇಕಾಗಿಯೇ ಇಲ್ಲ.

ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ಗುಡಿಯ ಜಗಲಿಯಲ್ಲಿ ಕೂಡೋಣ. ಒಂದು ತಕ್ಕಡಿ ತರುತ್ತೇನೆ. ನೀವು ಖಾಲಿ ಚೀಲ, ಸ್ಲೇಟು, ಬಳಪ ತನ್ನಿರಿ. ಮೊದಲು ಚೀಲವನ್ನೇ ತೂಗೋಣ.