ತಾನೇ ಕೂಡಿಕೊಳ್ಳುವ ಜೆಲ್ ಮತ್ತು ನಮ್ಮ ಕುಡಿಯುವ ನೀರು



ದಿನಕ್ಕೆ ಐದು ಬಾರಿ ವುಝೂ ಮಾಡುವ ನಮಗೆ ನೀರಿನ ಬಣ್ಣ, ರುಚಿ, ವಾಸನೆ ಕೆಟ್ಟಿದೆಯೇ ಎಂದು ನೋಡುವುದು ಬಾಲ್ಯದಲ್ಲೇ ಕಲಿತ ಪಾಠ. ಆದರೆ ಈ ಮೂರೂ ಪರೀಕ್ಷೆಗಳಲ್ಲಿ ತೇರ್ಗಡೆಯಾದ ನೀರಿನಲ್ಲೂ ಸೀಸ, ಕ್ಯಾಡ್ಮಿಯಂ ಇರಬಹುದು. ಸೀಸಕ್ಕೆ ಭಾರತೀಯ ಮಾನಕದ ಮಿತಿ ಲೀಟರಿಗೆ ಕೇವಲ 0.01 ಮಿಲಿಗ್ರಾಂ. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಲೋಹ ಹೋಗುವುದಿಲ್ಲ.

ಇಂತಹ ಲೋಹವನ್ನು ಹಿಡಿಯಲು ವಿಜ್ಞಾನಿಗಳು ಹೈಡ್ರೋಜೆಲ್‌ಗಳನ್ನು ರೂಪಿಸುತ್ತಿದ್ದಾರೆ. ರಮಝಾನಿನ ಶರಬತ್ತಿನಲ್ಲಿ ನೆನೆದ ಕಾಮಕಸ್ತೂರಿ ಬೀಜದ ಸುತ್ತಲಿನ ಲೋಳೆಯನ್ನು ನೆನಪಿಸಿಕೊಳ್ಳಿ. ನೀರು ಹೀರಿ ಉಬ್ಬುವ ಅಂಥದೇ ಮೆತ್ತನೆಯ ಜಾಲ ಇದು. ಸಿಗಡಿ, ಏಡಿಗಳ ಚಿಪ್ಪಿನಿಂದ ತಯಾರಾಗುವ ಕೈಟೋಸಾನ್‌ನಿಂದಲೂ ಇದನ್ನು ಮಾಡುತ್ತಾರೆ. ಅದರ ಅಣುಸರಪಳಿಯ ಅಮೈನ್ ಗುಂಪುಗಳು ತಾಮ್ರ, ಸೀಸದಂತಹ ಲೋಹದ ಅಯಾನುಗಳನ್ನು ಹಿಡಿದುಕೊಳ್ಳುತ್ತವೆ.

ತೊಂದರೆ ಏನೆಂದರೆ, ಉಬ್ಬಿ ಕುಗ್ಗುವ ಜೆಲ್ ಬಿರುಕು ಬಿಡುತ್ತದೆ. ನೀರು ಸುಲಭದ ದಾರಿ ಹುಡುಕುತ್ತದೆ. ಬಿರುಕಿನಲ್ಲಿ ನುಸುಳಿದ ನೀರು ಶುದ್ಧವಾಗದೆ ಹೊರಬರುತ್ತದೆ. ಅದಕ್ಕಾಗಿಯೇ ತಾನೇ ಕೂಡಿಕೊಳ್ಳುವ ಜೆಲ್. ಇದರ ಬಂಧಗಳು ಮುರಿದರೂ ಮತ್ತೆ ಬೆಸೆಯಬಲ್ಲವು. ಪಾಲಿವಿನೈಲ್ ಆಲ್ಕೋಹಾಲ್ ದ್ರಾವಣಕ್ಕೆ ಬೊರಾಕ್ಸ್ ಬೆರೆಸಿದಾಗ ಸಿಗುವ ಜೆಲ್ಲನ್ನು ಕತ್ತರಿಸಿ, ತುಂಡುಗಳನ್ನು ಒತ್ತಿ ಇಡಿ. ಸ್ವಲ್ಪ ಹೊತ್ತಿನಲ್ಲಿ ಒಂದಾಗುತ್ತವೆ. ಅಧ್ಯಾಪಕರ ಸಮ್ಮುಖದಲ್ಲಿ ನಿಮ್ಮ ಪ್ರಯೋಗಾಲಯದಲ್ಲೇ ಇದನ್ನು ನೋಡಬಹುದು.

ಆದರೆ ಎರಡು ವಿಷಯ ಮರೆಯಬಾರದು. ಮೊದಲನೆಯದು, ಒಂದೇ ಜೆಲ್ ಎಲ್ಲವನ್ನೂ ಹಿಡಿಯುವುದಿಲ್ಲ. ರಾಯಚೂರು, ಯಾದಗಿರಿ ಜಿಲ್ಲೆಗಳ ಕೆಲವು ಹಳ್ಳಿಗಳ ಅಂತರ್ಜಲದಲ್ಲಿ ಪತ್ತೆಯಾದ ಆರ್ಸೆನಿಕ್, ಸೀಸದಂತೆ ಧನ ಅಯಾನಾಗಿ ಇರುವುದಿಲ್ಲ. ಅದಕ್ಕೆ ಸಾಮಾನ್ಯವಾಗಿ ಕಬ್ಬಿಣದ ಆಕ್ಸೈಡಿನಂತಹ ಬೇರೆ ವಸ್ತು ಸೇರಿಸಬೇಕು. ಎರಡನೆಯದು, ಬಿರುಕು ಕೂಡಿಕೊಂಡ ಮಾತ್ರಕ್ಕೆ ಹಿಡಿದ ವಿಷ ಮಾಯವಾಗುವುದಿಲ್ಲ. ತುಂಬಿದ ಜೆಲ್ಲನ್ನು ಆಮ್ಲದಲ್ಲಿ ತೊಳೆದರೆ ಲೋಹ ಹೊರಬರುತ್ತದೆ, ಜೆಲ್ ಮತ್ತೆ ಬಳಕೆಗೆ ಸಿದ್ಧವಾಗುತ್ತದೆ. ಆದರೆ ತೊಳೆದ ಆ ನೀರು ಮೊದಲಿನದಕ್ಕಿಂತ ಸಾಂದ್ರವಾದ ವಿಷ. ಅದನ್ನು ಚರಂಡಿಗೆ ಸುರಿದರೆ, ನಮ್ಮ ಲೋಟದ ವಿಷವನ್ನು ನೆರೆಯವನ ಬಾವಿಗೆ ವರ್ಗಾಯಿಸಿದಂತಾಯಿತು. ನೆರೆಯವನ ಹಕ್ಕಿನ ಬಗ್ಗೆ ಅಷ್ಟೊಂದು ಒತ್ತಿ ಹೇಳಿದ ಧರ್ಮದ ಅನುಯಾಯಿಗಳಾದ ನಮಗೆ ಇದು ಒಪ್ಪುವ ಮಾತೇ?

ಆದ್ದರಿಂದ ವಿದ್ಯಾರ್ಥಿಗಳೇ, ಬಾವಿ ತೋಡಿಸುವುದು, ನೀರಿನ ಘಟಕ ಕಟ್ಟಿಸುವುದು ದೊಡ್ಡ ಸದಕಾ ನಿಜ. ಅದಕ್ಕೆ ಮೊದಲು ಆ ನೀರನ್ನು ಪರೀಕ್ಷೆ ಮಾಡಿಸಿ. ಯಾವ ಶುದ್ಧೀಕರಣ ಯಂತ್ರ ಕೊಳ್ಳುವಾಗಲೂ ಎರಡು ಪ್ರಶ್ನೆ ಕೇಳಿ: ಇದು ಯಾವ ಲೋಹವನ್ನು ತೆಗೆಯುತ್ತದೆ? ತೆಗೆದದ್ದು ಎಲ್ಲಿಗೆ ಹೋಗುತ್ತದೆ? ಎರಡನೆಯ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಡಬಲ್ಲ ರಸಾಯನ ವಿಜ್ಞಾನಿಗಳು ನಿಮ್ಮೊಳಗಿಂದಲೇ ಹೊರಬರಲಿ. ಅಲ್ಲಾಹನು ನಿಮ್ಮ ಜ್ಞಾನದಲ್ಲಿ ಬರಕತ್ ನೀಡಲಿ. ಆಮೀನ್.