ಓಡುತ್ತಲೇ ಇರುವ 'ರನ್'

ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥಗಳಿರುವ ಕ್ರಿಯಾಪದ ಯಾವುದಿರಬಹುದು? ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೇ ಆವೃತ್ತಿಯಲ್ಲಿ ಆ ಹಿರಿಮೆ 'ಸೆಟ್' ಪದದ್ದು. ಮುಂದಿನ ಪರಿಷ್ಕರಣೆಯಲ್ಲಿ ಪುಟ್ಟ 'ರನ್' ಅದನ್ನು ಹಿಂದಿಕ್ಕಿತು. ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥಗಳು! ನಿಘಂಟುಕಾರ ಪೀಟರ್ ಗಿಲಿವರ್ ಈ ಒಂದೇ ಪದಕ್ಕಾಗಿ ಒಂಬತ್ತು ತಿಂಗಳು ದುಡಿದರು. ಅಂಥ ತಾಳ್ಮೆಗೆ ನಾನು ತಲೆಬಾಗುತ್ತೇನೆ.

ಮನುಷ್ಯ ಓಡಿದರೂ 'ರನ್', ನದಿ ಹರಿದರೂ 'ರನ್'. ಗಿರಣಿ, ರೈಲುಗಳು ಬಂದ ಮೇಲೆ ಯಂತ್ರಗಳ ಚಾಲನೆಯೂ ಅದರ ಪಾಲಾಯಿತು; ನಮ್ಮ ಕಾಲದಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ. ಅಂಗಡಿ ನಡೆಸುವುದು, ಬಟ್ಟೆ ಬಣ್ಣ ಬಿಡುವುದು, ಮೂಗು ಸೋರುವುದು ಎಲ್ಲಕ್ಕೂ ಅದೇ ಪದ. ಕ್ರಿಕೆಟ್‌ನಲ್ಲಂತೂ ಚೆಂಡು ಬೌಂಡರಿ ಮುಟ್ಟಿದರೆ ಒಂದು ಹೆಜ್ಜೆಯೂ ಓಡದೆ ನಾಲ್ಕು 'ರನ್' ಸಿಗುತ್ತದೆ.

ನನಗೆ ಬಹಳ ಹಿಡಿಸಿದ್ದು ಚುನಾವಣೆಯ ಮಾತು. ಅಮೆರಿಕದ ಅಭ್ಯರ್ಥಿ ಚುನಾವಣೆಗೆ 'ಓಡುತ್ತಾನೆ'. ಬ್ರಿಟನ್ನಿನಲ್ಲಿ 'ನಿಲ್ಲುತ್ತಾನೆ', ನಮ್ಮ ಕನ್ನಡದ ಹಾಗೆಯೇ. ಒಂದೇ ಕೆಲಸ, ಎರಡು ನೋಟ.

ಒಂದೇ ಪದಕ್ಕೆ ಇಷ್ಟೊಂದು ಅರ್ಥಗಳಿರುವಾಗ, ಹೆತ್ತವರಲ್ಲಿ, ಶಿಕ್ಷಕರಲ್ಲಿ ಒಂದು ಕೋರಿಕೆ. ಮಕ್ಕಳಿಗೆ ಪದದ ಎದುರು ಒಂದೇ ಅರ್ಥ ಬರೆದು ಬಾಯಿಪಾಠ ಮಾಡಿಸಬೇಡಿ. ನಾಲ್ಕಾರು ವಾಕ್ಯಗಳಲ್ಲಿ ಆ ಪದ ಹೇಗೆ ಬಳಕೆಯಾಗುತ್ತದೆಂದು ತೋರಿಸಿ.